ಒಡೆಯದ ಲಕೋಟೆ

ಪ್ರಯೋಗಾಲಯದ ಸಭಾಕೋಣೆಯ ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ. ಅವಳು ತಟ್ಟನೆ ಮುಂದಿದ್ದ ಕಾಗದಗಳ ಕಡೆ ತಲೆ ತಗ್ಗಿಸಿದಳು.

ಎರಡು ವರ್ಷ! ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು ಬಂದದ್ದು ಬಿಟ್ಟರೆ ಅದೇ ಮುಖ, ಅದೇ ಹೆಗಲಚೀಲ. ನೋಡಬಾರದು ಅಂದುಕೊಂಡಷ್ಟೂ ಅವಳ ಕಣ್ಣು ಅತ್ತಲೇ ಹೋಗುತ್ತಿತ್ತು.

ನ್ಯೂಟ್ರಿನೋ ಎಂಬ ಕಣ ದಾರಿಯಲ್ಲೇ ರೂಪ ಬದಲಿಸುತ್ತದೆ. ಅದರ ಕನ್ನಡಿ ಬಿಂಬದಂಥ ಜೋಡಿಯಾದ ಪ್ರತಿಕಣವೂ ಅದೇ ಥರ ಬದಲಿಸುತ್ತದೋ ಇಲ್ಲವೋ ಎಂಬುದು ಆ ಪ್ರಯೋಗಾಲಯದವರೆಲ್ಲರ ಪ್ರಶ್ನೆ. ಅವಳು ಕಣಗಳನ್ನು ಕಳಿಸುವ ಕಡೆ. ಅವನು ಮುನ್ನೂರು ಕಿಲೋಮೀಟರ್ ಆಚೆ, ಹಳೆಯ ಗಣಿಯೊಳಗೆ, ಬಂದದ್ದನ್ನು ಗುರುತಿಸುವ ಕಡೆ. ಅವಳು ಯಂತ್ರ ಚಾಲೂ ಮಾಡಿದರೆ ಕಣ್ಣು ಮಿಟುಕಿಸುವುದರೊಳಗೆ ಅವು ಅವನ ಬಳಿ ಇರುತ್ತಿದ್ದವು. ಕಾಣದ ಕಣಗಳ ಮೇಲೆ ಹೊಟ್ಟೆಕಿಚ್ಚುಪಟ್ಟವಳು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು...

ಗಣಿಗೆ ಹೊರಡುವ ಮುನ್ನ ಅವನೇ ಕೇಳಿದ್ದ, ಮದುವೆಯಾಗುತ್ತೀರಾ ಎಂದು. ಬಾಯಿಬಿಟ್ಟು ಹೇಳಲಾಗದೆ ಅವಳು ಚೀಟಿ ಬರೆದು, ಲಕೋಟೆಗೆ ಅಂಟು ಹಾಕಿ ಕೊಟ್ಟಿದ್ದಳು. ಆಮೇಲೆ ಅವನಿಂದ ಬಂದದ್ದು ಕೆಲಸದ ವರದಿಗಳು ಮಾತ್ರ. ಓದಿಯೂ ಸುಮ್ಮನಿದ್ದಾನೆ ಎಂದರೆ ಬೇಡ ಎಂದೇ ಅರ್ಥ ಅಂದುಕೊಂಡು ದಿಂಬಿಗೆ ಮುಖ ಒತ್ತಿ ಅತ್ತಿದ್ದಳು. ಈಗ ಅಕ್ಕ ಒಂದು ಸಂಬಂಧ ತಂದಿದ್ದಾಳೆ. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು.

ಲೆಕ್ಕದ ವಿಧಾನ ಪಕ್ಕಾ ಆಗುವವರೆಗೆ ಫಲಿತಾಂಶವನ್ನು ಯಾರೂ ನೋಡುವಂತಿಲ್ಲ. ನೋಡಿದರೆ ಮನಸ್ಸಿನ ಆಸೆ ಲೆಕ್ಕವನ್ನು ತನ್ನ ಕಡೆಗೆ ಎಳೆಯುತ್ತದೆ. ಅದು ಅಲ್ಲಿನ ನಿಯಮ. ಮುಚ್ಚಿಟ್ಟದ್ದನ್ನು ತೆರೆಯುವ ದಿನ ಇವತ್ತು. ಪರದೆಯ ಮೇಲೆ ಗೆರೆ ಮೂಡಿತು. ಕಣ, ಪ್ರತಿಕಣ ಎರಡೂ ಒಂದೇ ಥರ ಬದಲಾಗುವುದಿಲ್ಲ ಎಂಬ ಸುಳಿವು ಅಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಕಾರಿಡಾರಿಗೆ ಬಂದು, ಅಕ್ಕನಿಗೆ ಹೂಂ ಎಂದುಬಿಡಲು ಫೋನ್ ತೆಗೆದಳು.

ಅವನು ಹಿಂದೆಯೇ ಬಂದ. ಚೀಲದಿಂದ ಲಕೋಟೆ ತೆಗೆದ. ಅಂಚು ಸವೆದಿತ್ತು, ಅಂಟು ಮಾತ್ರ ಹಾಗೇ ಇತ್ತು.

“ಒಡೆದೇ ಇಲ್ವಾ?”

“ನಿಮ್ಮ ಉತ್ತರ ನೋಡಿದ್ರೆ ನನ್ನ ಮನಸ್ಸು ಅದರ ಕಡೆಗೇ ವಾಲುತ್ತೆ ಅನ್ನಿಸ್ತು. ಹೊರಡೋ ಗಡಿಬಿಡೀಲಿ ಕೇಳಿಬಿಟ್ಟಿದ್ದೆ, ಮೊದಲು ನನ್ನ ಮನಸ್ಸು ಪಕ್ಕಾ ಆಗ್ಲಿ ಅಂದುಕೊಂಡೆ.”

“ಅದಕ್ಕೆ ಎರಡು ವರ್ಷ ಬೇಕಾಯ್ತಾ?”

“ಮೊದಲನೇ ವಾರದಲ್ಲೇ ಆಯ್ತು. ಆಮೇಲೆ... ಒಡೆಯೋಕೆ ಭಯ ಆಯ್ತು.”

ಎಂಥ ಪೆದ್ದ! ಅವಳಿಗೆ ನಗು, ಅಳು ಒಟ್ಟಿಗೇ ಬಂದವು. “ನನ್ನ ಹೊಟ್ಟೆ ಉರಿಸಿದ್ದು ಸಾಕು. ಒಡೀರಿ.”

ಅವನು ಅಂಟು ಬಿಡಿಸಿದ. ಚೀಟಿಯಲ್ಲಿ ಎರಡೇ ಸಾಲು. ‘ಹೌದು. ಬೇಗ ಬನ್ನಿ.’

ಅವನು ಅದನ್ನು ಎರಡು ಸಲ ಓದಿದ. “ತಡ ಆಗೋಯ್ತಾ?” ಎಂದು ಕೇಳಿದ.

ಅಷ್ಟರಲ್ಲಿ ಅಕ್ಕನದೇ ಫೋನ್ ಬಂತು. ಅವಳು ಅವನ ಕೈ ಹಿಡಿದುಕೊಂಡೇ ಫೋನ್ ಎತ್ತಿದಳು.

“ಅಕ್ಕಾ, ಆ ಸಂಬಂಧ ಬೇಡ ಅಂತ ಹೇಳ್ಬಿಡು. ಇವರು ಬಂದ್ರು.”