ಮಂದ ಬೆಳಕಿನ ಐದು ತಾಸು

ಸ್ಟುಡಿಯೋದ ಹೊಸ್ತಿಲಲ್ಲೇ ನಿಂತು ಧರ್ಮರಾಜ ಅವಧೂತ ಇದ್ದಾರೆಯೇ ಎಂದು ತನ್ನ ಹರಕು ಮರಾಠಿಯಲ್ಲಿ ಕೇಳಿದ, "ಅವಧೂತ ಆಹೇತ ಕಾ?"

ಕೌಂಟರಿನ ಹಿಂದೆ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ ಹೆಣ್ಣುಮಗಳು ತಲೆ ಎತ್ತದೆ, ಕತ್ತರಿಯಿಂದಲೇ ಗೋಡೆಯ ಕಡೆ ತೋರಿಸಿದಳು. ಅಲ್ಲಿ ಗಂಧದ ಹಾರ ಹಾಕಿದ ಮುದುಕರೊಬ್ಬರ ಫೋಟೊ ಇತ್ತು.

"ನಮ್ಮಪ್ಪ. ಹೋಗಿ ಎರಡ ವರ್ಷಾತ್ರಿ," ಎಂದಳು, ಕನ್ನಡದಲ್ಲಿ. "ನಿಮ್ಮ ಮರಾಠಿ ಕೇಳಿದ್ರ ಗೊತ್ತಾಗ್ತದ. ಗುಲ್ಬರ್ಗಾ ಕಡಿಯವ್ರೇನು?"

"ಹೌದ್ರಿ, ಸೇಡಂ." ಧರ್ಮರಾಜ ಗಾಬರಿಯಾಗಿ ಫೋಟೊ ನೋಡಿದ. "ಆದ್ರ ಮೊನ್ನೆ ಅವರ ನನಗ ಬೈದು ಬರದಾರಲ್ರಿ!"

ಆಕೆ ಕತ್ತರಿ ಕೆಳಗಿಟ್ಟು ಜೋರಾಗಿ ನಕ್ಕಳು. "ಬರದಾಕಿ ನಾನು. ಗೋದಾ. ಹೆಣ್ಮಗಳ ಹೆಸರು ಹಾಕಿದ್ರ ಅಲ್ಲಿ ಎಲ್ರೂ ಟಾರ್ಚ್ ಬಿಟ್ಟು ಉಳಿದಿದ್ದೆಲ್ಲ ಕೇಳ್ತಾರ. ಅದಕ್ಕ ಅಪ್ಪನ ಹೆಸರಿಲೆ ಬರೀತೀನಿ."

ಅದು 2007. ಕಿಸೆಯಲ್ಲಿ ಹಿಡಿಯುವಂಥ ಎಲ್ಇಡಿ ಟಾರ್ಚ್‌ಗಳ ಬಗ್ಗೆ ಹರಟುವ ಇಂಟರ್ನೆಟ್ ಫೋರಮ್ ಒಂದರಲ್ಲಿ ಧರ್ಮರಾಜ ಮತ್ತು 'ಅವಧೂತ' ಆರು ತಿಂಗಳಿಂದ ಜಗಳವಾಡುತ್ತಿದ್ದರು. ಒಂದು ಸೆಲ್ಲಿನಿಂದ ಎಷ್ಟು ಹೊತ್ತು ಬೆಳಕು ಸಿಗುತ್ತದೆ ಅನ್ನುವುದೇ ಮುಖ್ಯ ಎಂದು ಅವನ ವಾದ. ಬೆಳಕು ಎಷ್ಟು ಪ್ರಖರ ಅನ್ನುವುದೇ ಮುಖ್ಯ ಎಂದು ಆಕೆಯದು. ಊರೊಳಗೆ ಅಡ್ಡಾಡುವವರಿಗೆ ನೂರು ಲ್ಯೂಮೆನ್ ಬೆಳಕು ಯಾಕೆ, ಅದು ಬರೀ ಶೋಕಿ ಎಂದು ಅವನು ಬರೆದಿದ್ದ. 'ಬೇಕಾದವರಿಗೆ ಬೇಕು' ಎಂದಷ್ಟೇ ಉತ್ತರ ಬಂದಿತ್ತು. ಇಬ್ಬರೂ ಪುಣೆಯವರೆಂದು ತಿಳಿದ ಮೇಲೆ, ಕೂತು ಅಳೆದೇ ಬಿಡೋಣ ಎಂದು 'ಅವಧೂತ' ಕ್ಯಾಂಪ್ ಬಡಾವಣೆಯ ಈ ವಿಳಾಸ ಕೊಟ್ಟಿದ್ದ.

ಅಳೆಯುವುದಕ್ಕೆ ಜಾಗ ಚೆನ್ನಾಗಿಯೇ ಇತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋದ ಹಿಂದಿನ ಡಾರ್ಕ್‌ರೂಮ್ ಸುಮ್ಮನೆ ಬಿದ್ದಿತ್ತು. ಮಟಮಟ ಮಧ್ಯಾಹ್ನವೂ ಅದರೊಳಗೆ ಹನಿ ಬೆಳಕು ಬರುತ್ತಿರಲಿಲ್ಲ. ಟೇಬಲ್ಲಿನ ಮೇಲೆ ಟಾರ್ಚನ್ನು ಮೇಲ್ಮುಖವಾಗಿ ನಿಲ್ಲಿಸುವುದು, ಬಿಳಿ ಛಾವಣಿಗೆ ಬಡಿದು ಮರಳಿದ ಬೆಳಕನ್ನು ಧರ್ಮರಾಜನ ಲಕ್ಸ್ ಮೀಟರಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ನೋಡುವುದು, ಬೆಳಕು ಅರ್ಧಕ್ಕಿಳಿಯುವ ತನಕ ಕಾಯುವುದು.

"ನೀವ ಓದ್ರಿ, ನೀವ ಬರ್ಕೋರಿ," ಎನ್ನುತ್ತಿದ್ದಳು ಗೋದಾ. "ನನ್ನ ಮ್ಯಾಲೆ ಮೋಸದ ಆರೋಪ ಬರೂದು ಬ್ಯಾಡ."

"ನಾನ ಮೋಸ ಮಾಡಿದ್ರ?"

"ನಿಮ್ಮ ದನಿಯಾಗ ಗೊತ್ತಾಗ್ತದ."

ರಾಂಜಣಗಾಂವದ ಕಾರ್ಖಾನೆಯಲ್ಲಿ ಆರು ದಿನ ಬೇರಿಂಗ್ ತಪಾಸಣೆ ಮಾಡುವ ಧರ್ಮರಾಜನಿಗೆ ಏಳನೆಯ ದಿನ ಹೋಗಲು ಒಂದು ಜಾಗವಾಯಿತು. ಮೂವತ್ತಾರು ವಯಸ್ಸು, ಮಗರಪಟ್ಟಾದ ಐಟಿ ಕಟ್ಟಡಗಳ ಹಿಂದೆ ಒಂದು ಬಾಡಿಗೆ ಕೋಣೆ. ಅವನ ತಾಯಿ ತೀರಿಹೋದ ಮೇಲೆ ಅವನೊಡನೆ ಕನ್ನಡ ಮಾತಾಡುವವರು ಯಾರೂ ಉಳಿದಿರಲಿಲ್ಲ.

ಮೂರನೆಯ ರವಿವಾರ ಅವನಿಗೊಂದು ಉಪಾಯ ಹೊಳೆಯಿತು. ಟಾರ್ಚನ್ನು ಪ್ರಖರವಾದ ಹೈನಲ್ಲಿಟ್ಟರೆ ಒಂದೂವರೆ ತಾಸಿಗೆ ಪರೀಕ್ಷೆ ಮುಗಿಯುತ್ತಿತ್ತು, ಮಂದವಾದ ಲೋದಲ್ಲಿಟ್ಟರೆ ಐದು ತಾಸು.

"ಇವತ್ತ ಲೋದಾಗ ನೋಡೂಣೇನ್ರಿ?"

ಗೋದಾ ಟೇಬಲ್ಲಿನ ಅಂಚು ಹಿಡಿದುಕೊಂಡಳು. "ನೋಡೂಣು."

ಆ ಮಂದ ಬೆಳಕಿನಲ್ಲಿ ಅವನು ಆಕೆಯನ್ನು ಮನಸಾರೆ ನೋಡಬಹುದಿತ್ತು. ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ನಗು ತಡೆದಾಗ ಕೆನ್ನೆಯಲ್ಲಿ ಬೀಳುವ ಕುಳಿ. ಆಕೆ ಮಾತ್ರ ಅವನತ್ತ ನೇರ ನೋಡುತ್ತಿರಲಿಲ್ಲ. ಕಣ್ಣು ಅವನ ಹೆಗಲಿನಾಚೆ ಎಲ್ಲೋ ನಿಲ್ಲುತ್ತಿದ್ದವು. ಸಂಕೋಚ ಅಂದುಕೊಂಡ. ಆ ಸಂಕೋಚವೂ ಅವನಿಗೆ ಇಷ್ಟವಾಯಿತು.

ಏಳನೆಯ ರವಿವಾರ ಚಹಾ ತರಲೆಂದು ಎದ್ದ ಗೋದಾ ಅವನು ಪಕ್ಕಕ್ಕೆ ಸರಿಸಿದ್ದ ಸ್ಟೂಲಿಗೆ ಎಡವಿ ಬಿದ್ದಳು.

"ಇಷ್ಟ ಬೆಳಕು ಅದಲ್ರಿ, ಸ್ಟೂಲ್ ಕಾಣ್ಲಿಲ್ಲೇನು?"

"ಇಲ್ಲ."

ಆಕೆ ಗೋಡೆ ತಡವಿ ಸ್ವಿಚ್ ಒತ್ತಿದಳು. ಟ್ಯೂಬ್‌ಲೈಟ್ ಹೊತ್ತಿತು. ಮೊಣಕಾಲು ಒತ್ತಿಕೊಂಡು ನೆಲದ ಮೇಲೇ ಕುಳಿತು ಹೇಳಿದಳು, "ಮಂದ ಬೆಳಕಿನ್ಯಾಗ ನನಗ ಏನೂ ಕಾಣೂದಿಲ್ರಿ. ಅಪ್ಪಗ ಈ ಕಣ್ಣಿನ ರೋಗ ಇತ್ತು, ಈಗ ನನಗ. ಬಲ್ಬು ದೊಡ್ಡದಿದ್ರ ನಡೀತದ. ಮುಂದ ಅದೂ ನಡೆಯೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ."

ಧರ್ಮರಾಜನಿಗೆ ತಾನು ಬರೆದಿದ್ದ 'ಶೋಕಿ' ಎಂಬ ಮಾತು ನೆನಪಾಗಿ ಮುಖ ಕೆಂಪಾಯಿತು. ಇನ್ನೊಂದು ಲೆಕ್ಕವೂ ಹೊಳೆಯಿತು.

"ಹಂಗಾರ... ಐದೈದು ತಾಸು ನೀವು ಕತ್ತಲ್ಯಾಗ ಕುಂತಿದ್ರಿ?"

"ಹೂಂ."

"ಯಾಕ್ರಿ?"

"ನೀವು ಮಾತಾಡ್ತಿದ್ರಿ."

ಅವನು ಆಕೆಯೆದುರು ನೆಲದ ಮೇಲೆ ಕುಳಿತ. "ಹೈ ಇಟ್ರ ಜಲ್ದಿ ಮುಗೀತದಂತ ಲೋ ಇಡ್ತಿದ್ದೆ, ಗೋದಾ. ಟಾರ್ಚಿನ ಸಲುವಾಗಿ ಅಲ್ಲ."

ಆಕೆ ನಕ್ಕಳು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

"ನಮ್ಮವ್ವ ಹನ್ನೊಂದು ವರ್ಷ ಅಪ್ಪನ ಕೈ ಹಿಡದು ಅಡ್ಡಾಡಿಸಿದ್ಲು. ಒಂದ ದಿನ ಬ್ಯಾಸರ ಅನ್ಲಿಲ್ಲ. ಆಕಿಗೆ ಬ್ಯಾಸರ ಆಗಿದ್ದು ಅಪ್ಪಗ ಗೊತ್ತಿತ್ತು. ಆಕಿ ಬಾಯಿಬಿಟ್ಟು ಅನ್ನಲಾರದ್ದ ಅಪ್ಪನ್ನ ತಿಂತು. ನೀವು ಇನ್ನ ಬರಬ್ಯಾಡ್ರಿ."

ಮುಂದಿನ ರವಿವಾರಗಳಂದು ಅವನು ಹೋಗಲಿಲ್ಲ. ಫೋರಮ್ಮಿನಲ್ಲಿ ಅವಧೂತನ ಹೆಸರು ಕಾಣಲಿಲ್ಲ. ಕಂಪನಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಬರುವಾಗ, ಕೋಣೆಯಲ್ಲಿ ಒಬ್ಬನೇ ಉಣ್ಣುವಾಗ, ಮೊದಲು ಅಭ್ಯಾಸವಾಗಿದ್ದ ಮೌನ ಈಗ ಕಿವಿಗೆ ನೋವು ಕೊಡುತ್ತಿತ್ತು. ಅಂಗಡಿಯವನ ಹತ್ತಿರ ಹಾಲು ಕೇಳಿದ್ದೊಂದೇ ಆ ದಿನದ ಮಾತು ಎಂದು ಒಂದು ಸಂಜೆ ಅವನಿಗೇ ಅರಿವಾಯಿತು.

ನಾಲ್ಕನೆಯ ವಾರ ಅರ್ಧ ದಿನ ರಜೆ ಹಾಕಿ ಕ್ಯಾಂಪಿಗೆ ಹೋದ. ಸ್ಟುಡಿಯೋದ ಶಟರ್ ಅರ್ಧ ಇಳಿದಿತ್ತು. ಒಳಗೆ ಗೋದಾ ರಟ್ಟಿನ ಡಬ್ಬಗಳಿಗೆ ಹಗ್ಗ ಬಿಗಿಯುತ್ತಿದ್ದಳು.

"ಮೊಬೈಲ್ ಅಂಗಡಿಯವ್ರು ಜಾಗ ಹಿಡದಾರ್ರಿ. ಸೊಲ್ಲಾಪುರಕ್ಕ ಅಕ್ಕನ ಮನಿಗೆ ಹೊಂಟೀನಿ."

"ಹೋಗಬ್ಯಾಡ್ರಿ. ನನ್ನ ಮದಿವಿ ಆಗ್ರಿ."

ಹಗ್ಗದ ಗಂಟಿನ ಮೇಲೆ ಆಕೆಯ ಬೆರಳು ನಿಂತವು. "ನಾಳೆ ನಿಮಗ ಬ್ಯಾಸರ ಆದ್ರ?"

"ಆಗ್ತದ. ಆದ ದಿನ ಹೇಳ್ತೀನಿ. 'ಗೋದಾ, ಇವತ್ತ ಸಾಕಾತು' ಅಂತೀನಿ. ನಿಮಗೂ ನನ್ನಿಂದ ಸಾಕಾದ ದಿನ ಹೇಳ್ರಿ. ಜಗಳಾಡೂದು ನಮಗೇನು ಹೊಸಾದಲ್ಲ."

ಆಕೆ ಎದ್ದು ಅವನ ಹತ್ತಿರ ಬಂದಳು. ಬಾಗಿಲಿಂದ ಬಂದ ಬಿಸಿಲಿನಲ್ಲಿ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು, ಹಣೆಯಿಂದ ಗದ್ದದ ತನಕ, ಗುರುತಿಟ್ಟುಕೊಳ್ಳುವವಳಂತೆ.

"ಸೊಲ್ಲಾಪುರಕ್ಕ ಹೋಗೂದ ಹೋಗೂದ," ಎಂದಳು ಕಣ್ಣೊರೆಸಿಕೊಂಡು. "ಅಕ್ಕಗ ಹೇಳಬೇಕಲ್ಲ. ರವಿವಾರ ನೀವೂ ಬರ್ರಿ."

ಶಟರ್ ಹಾಕುವಷ್ಟರಲ್ಲಿ ಸಂಜೆಯ ಬೆಳಕು ತಗ್ಗಿತ್ತು. ಬೀದಿಯ ದೀಪಗಳು ಇನ್ನೂ ಹೊತ್ತಿರಲಿಲ್ಲ. ಅವನು ಕೈ ಚಾಚಿದ.

"ಕೈ ಹಿಡದು ಎಳೀಬ್ಯಾಡ್ರಿ," ಗೋದಾ ಅವನ ಮೊಣಕೈಗೆ ಬೆರಳು ತಾಕಿಸಿದಳು. "ನೀವು ಅರ್ಧ ಹೆಜ್ಜಿ ಮುಂದ ನಡೀರಿ. ಏನದ ಅಂತ ಹೇಳ್ಕೋತ ಹೋಗ್ರಿ ಸಾಕು."

"ಎರಡು ಮೆಟ್ಟಲು," ಎಂದ ಧರ್ಮರಾಜ. "ಎಡಕ್ಕ ಒಂದು ಸ್ಕೂಟರ್. ಮುಂದ ಬಾಳೆಹಣ್ಣಿನ ಗಾಡಿ, ಹಣ್ಣು ಭಾಳ ಚಲೋ ಅವ. ಅದರಾಚೆ ಒಬ್ಬಾತ ತನ್ನ ಹೆಂಡ್ತಿ ಕೂಡ ಜಗಳಾಡ್ಲಿಕ್ಕತ್ಯಾನ..."

"ಯಾರು ಗೆಲ್ಲಾಕತ್ಯಾರ?"

"ಆಕಿ."

ಬಸ್ ಸ್ಟಾಪ್ ಬರುವ ತನಕ ಅವನು ಮಾತು ನಿಲ್ಲಿಸಲಿಲ್ಲ.