ಸದ್ದಡಗಿದ ಮನೆ

"ಆ ಮಗು ಬಾಯಿ ಮುಚ್ಚಿಸ್ತೀಯೋ, ಇಲ್ಲಾ ನಾನೇ ಈ ಮನೆ ಬಿಟ್ಟು ಹೋಗ್ಲೋ!"

ಕಿನು ಎಸೆದ ಬಟ್ಟಲು ಚಾಪೆಯ ಮೇಲೆ ಉರುಳಿ, ಬಿಸಿ ಮಿಸೊ ಸಾರು ಸೊಸೆಯ ಮೊಣಕಾಲಿನವರೆಗೂ ಹರಿಯಿತು. ಶಾಲೆಯಲ್ಲಿ ಕಲಿತ ಹಾಡನ್ನು ಕುಣಿದುಕೊಂಡು ಹೇಳುತ್ತಿದ್ದ ಏಳು ವರ್ಷದ ಮೊಮ್ಮಗಳು ಮಿಹೊ ಅರ್ಧಕ್ಕೇ ನಿಂತಳು. ತೆರೆದ ಬಾಯಿ ತೆರೆದಂತೆಯೇ ಇತ್ತು. ಮಗ ಕೇಜಿ ಅನ್ನದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಅವನು ತಲೆ ಎತ್ತಿದ್ದನ್ನು ಕಂಡವರೇ ಕಡಿಮೆ. ಸೊಸೆ ತಾಜುಕೊ ಮಾತ್ರ ಸದ್ದಿಲ್ಲದೆ ಎದ್ದು, ಬಟ್ಟೆ ತಂದು, ಮೊದಲು ಚಾಪೆ ಒರೆಸಿದಳು. ಸುಟ್ಟ ಮೊಣಕಾಲು ಆಮೇಲೆ.

ಕಿನು ಹುಟ್ಟಾ ಇಂಥವಳಲ್ಲ. ನಲವತ್ತೆರಡು ವರ್ಷ ರೇಷ್ಮೆ ನೇಯ್ದ ಕೈ ಅವಳದು. ತಾಂಗೊ ಸೀಮೆಯ ಎಲ್ಲ ಮನೆಗಳಂತೆ ಅವರದೂ ಮಗ್ಗದ ಮನೆ. ಹಿಂದಿನ ಅಂಕಣದಲ್ಲಿ ನಾಲ್ಕು ಯಂತ್ರಮಗ್ಗಗಳು ಬೆಳಗಾದರೆ ಶುರು, ಕತ್ತಲಾದರೂ ನಿಲ್ಲವು. ಉಪ್ಪು ಕೊಡು ಅನ್ನಬೇಕಾದರೂ ಊರಿಗೆ ಕೇಳುವಂತೆ ಕೂಗಬೇಕು. ಅಂಥ ಮನೆಯಲ್ಲಿ ಹುಟ್ಟಿದ ಮಿಹೊಗೆ ಕೂಗುವುದೇ ಮಾತು. ಅದರಲ್ಲಿ ಮಗುವಿನ ತಪ್ಪೇನು? ಆದರೆ ಆ ವರ್ಷದ ವಸಂತದಲ್ಲಿ, ಬಟ್ಟೆ ಹೆಚ್ಚಾಯಿತು, ಮಗ್ಗ ಕಡಿಮೆ ಮಾಡಿ ಎಂದು ಸರ್ಕಾರದ ಆಜ್ಞೆ ಬಂತು. ಲಾರಿ ಬಂತು, ಸುತ್ತಿಗೆ ಬಂತು. ನಾಲ್ಕೂ ಮಗ್ಗಗಳನ್ನು ಅಂಗಳದಲ್ಲೇ ಒಡೆದು ಹೇರಿಕೊಂಡು ಹೋದರು. ಕೇಜಿ ಮೀನಿನ ಕಾರ್ಖಾನೆಗೆ ಸೇರಿದ. ಮಗ್ಗ ಹೋದ ಮಾರನೆಯ ಬೆಳಿಗ್ಗೆ ಎದ್ದ ಕಿನು, ಬರಿದಾದ ಮನೆಯ ನಡುವೆ ನಿಂತು, ತಲೆಯೊಳಗೆ ಜೀರುಂಡೆಯೊಂದು ಕೂಗುವುದನ್ನು ಕೇಳಿದಳು. ಕೀಂ... ಕೀಂ... ಅದು ಎಷ್ಟು ವರ್ಷದಿಂದ ಅಲ್ಲಿತ್ತೋ, ಮಗ್ಗದ ಅಬ್ಬರದಡಿ ಎಷ್ಟು ಕಾಲ ಅಡಗಿತ್ತೋ, ಯಾರು ಬಲ್ಲರು! ಅಂದಿನಿಂದ ಅದು ಒಂದು ಗಳಿಗೆಯೂ ಬಾಯಿ ಮುಚ್ಚಲಿಲ್ಲ. ಅದರ ಮೇಲೆ ಮಿಹೊಳ ಕೂಗು ಬಿದ್ದರೆ ಕಿವಿಗೆ ಕಾದ ಸೀಸ ಹೊಯ್ದಂತಾಗುತ್ತಿತ್ತು.

"ಅತ್ತೆ, ಮಿಹೊನ ಮಿಯಾಜು ಊರಲ್ಲಿರೋ ನಮ್ಮಣ್ಣನ ಮನೇಗೆ ಕಳಿಸ್ತೀನಿ," ಎಂದಳು ತಾಜುಕೊ ಮರುದಿನ. "ನಿಮ್ಮ ಕಿವಿ ನೆಟ್ಟಗಾಗೋವರೆಗೆ. ಅಲ್ಲೇ ಶಾಲೆಗೂ ಹೋಗ್ತಾಳೆ."

ಬೇಡ ಅನ್ನಬಹುದಿತ್ತು. ಒಂದೇ ಮಾತು! ಕಿನು ಅನ್ನಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು, "ನಿನ್ನ ಮಗಳು, ನಿನ್ನಿಷ್ಟ," ಎಂದಳು.

ಬಸ್ಸಿಗೆ ಹೊರಟು ನಿಂತಾಗ ಮಿಹೊ ಅಜ್ಜಿಯ ಕೋಣೆಯ ಬಾಗಿಲು ಸರಿಸಿ, ಮಂಡಿಯೂರಿ ಕೂತು ಕೇಳಿದಳು. "ಅಜ್ಜೀ, ನಾನು ಮೆಲ್ಲಗೆ ಮಾತಾಡೋದು ಕಲಿತ್ಮೇಲೆ ವಾಪಸ್ ಬರ್ಬೋದಾ?"

ಮೆಲ್ಲಗೆ ಕೇಳಬೇಕೆಂದು ಹೊರಟವಳು, ಪಾಪ, ಅದನ್ನೂ ಕೂಗಿಯೇ ಕೇಳಿದ್ದಳು. ಕಿನು ಎರಡೂ ಕಿವಿ ಮುಚ್ಚಿಕೊಂಡಳು.

ತಾಜುಕೊ ಆಮೇಲೆ ಮನೆಯನ್ನು ಎಷ್ಟು ನಿಷ್ಠೆಯಿಂದ ಮೌನವಾಗಿಟ್ಟಳೆಂದರೆ ನೆರೆಯವರು ಸೊಸೆಯೆಂದರೆ ಹೀಗಿರಬೇಕು ಎನ್ನುತ್ತಿದ್ದರು. ಗಡಿಯಾರದ ಲೋಲಕ ನಿಲ್ಲಿಸಿದಳು. ಅದುರುವ ಕಿಟಕಿಗಳ ಸಂದಿಗೆ ಕಾಗದ ತುರುಕಿದಳು. ಪಾತ್ರೆಗಳನ್ನು ಅಂಗಳದಾಚೆಯ ಕಾಲುವೆಯಲ್ಲಿ ತೊಳೆದಳು. ಅತ್ತೆ ಕಿವಿಗೆ ಹತ್ತಿ ತುರುಕಿಕೊಂಡು, ಕದ ಹಾಕಿಕೊಂಡು ಮಲಗಿದರೆ ತಾನು ತುದಿಗಾಲಲ್ಲಿ ಓಡಾಡಿದಳು. ಆದರೆ ಇದೆಂಥ ವಿಚಿತ್ರ! ಮನೆ ಸದ್ದಡಗಿದಷ್ಟೂ ಜೀರುಂಡೆಯ ಗಂಟಲು ದೊಡ್ಡದಾಯಿತು. ಕಣ್ಣು ಬಿಟ್ಟೊಡನೆ ಕಿನು ಅಲುಗಾಡದೆ ಮಲಗಿ, ಇವತ್ತು ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಹುಡುಕುವಳು. ಹುಡುಕಿದರೆ ಸಿಗದೇ ಇರುತ್ತದೆಯೇ? ಆ ಸಿಟ್ಟಿಗೆ ಕಡು ಹಸಿರು ಚಹಾ, ಚಹಾದ ಜೊತೆ ಉಪ್ಪು ಸುರಿವ ಮೂಲಂಗಿ ಉಪ್ಪಿನಕಾಯಿ, ನಿದ್ದೆಗೆಂದು ಎರಡು ಬಟ್ಟಲು ಅಕ್ಕಿಯ ಮದ್ಯ. ಹೊಸಿಲು ದಾಟಿ ತಿಂಗಳುಗಳಾದವು.

"ಹೆಣ ಕಾಯೋ ಹಾಗೆ ಕಾಯ್ತೀಯಲ್ಲೇ! ನಾನು ಯಾವಾಗ ಸಾಯ್ತೀನಿ ಅಂತ ನೋಡ್ತಿದೀಯಾ?"

"ಹಾಗೆಲ್ಲ ಅನ್ಬೇಡಿ ಅತ್ತೆ..."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ತಾಜುಕೊಳ ಕಾಲ ಬಂದ ಹಾಗೆ ಕಾಣಲಿಲ್ಲ. ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಮಗಳನ್ನು ನೋಡಿ ಬರುವಳು. ಬಂದವಳು ಕಣ್ಣು ತೊಳೆದುಕೊಂಡು ಒಲೆಯ ಮುಂದೆ ಕೂರುವಳು.

ನವೆಂಬರಿನಲ್ಲಿ ಕೇಜಿ ಒಂದು ದಿನ ರಜೆ ಹಾಕಿ, ಪಟ್ಟಣದ ಕಿವಿ ಡಾಕ್ಟರ ಬಳಿಗೆ ತಾಯಿಯನ್ನು ಕರೆದೊಯ್ದ. ತಾಜುಕೊ ಜೊತೆಗಿದ್ದಳು. ಡಾಕ್ಟರು ಮುದುಕರು. ಕಿವಿಯೊಳಗೆ ದೀಪ ಬಿಟ್ಟು ನೋಡಿದರು, ಯಂತ್ರ ಹಾಕಿ ಕೇಳಿಸಿದರು, ಕೊನೆಗೆ ತಾಜುಕೊಳತ್ತ ತಿರುಗಿದರು.

"ಮನೇಲಿ ಹೇಗಿರ್ತಾರೆ?"

"ಮನೇನ ಸೂಜಿ ಬಿದ್ರೂ ಕೇಳ್ಸೋ ಹಾಗೆ ಇಟ್ಟಿದೀನಿ ಡಾಕ್ಟ್ರೇ. ಒಂದು ಸದ್ದು ಬಿಟ್ಟಿಲ್ಲ." ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಡವಿದ್ದೇ ಅಲ್ಲಿ ತಾಯೀ. ಕತ್ತಲೆ ಕೋಣೇಲಿ ಮಿಣುಕು ದೀಪಾನೂ ಕಣ್ಣು ಕುಕ್ಕತ್ತೆ. ಹಗಲಲ್ಲಿ ಅದೇ ದೀಪ ಉರೀತಿದ್ರೂ ಯಾರು ನೋಡ್ತಾರೆ? ನೀವು ಇವ್ರನ್ನ ಕತ್ತಲೆ ಕೋಣೇಲಿ ಕೂರ್ಸಿದೀರಿ."

ಡಾಕ್ಟರು ಕಿನುವಿನತ್ತ ತಿರುಗಿದರು. "ಅಜ್ಜಮ್ಮಾ, ನಿಮ್ಮ ವಯಸ್ಸಿಗೆ, ನಿಮ್ಮ ಕಸುಬಿಗೆ ಕಿವಿಯ ಈ ಸದ್ದು ಪೂರ್ತಿ ಹೋಗತ್ತೆ ಅಂತ ನಾನು ಸುಳ್ಳು ಹೇಳಲ್ಲ. ಅದರ ಜೊತೆ ಬಾಳೋದು ಕಲೀಬೋದು. ಹತ್ತಿ ಬಿಸಾಕಿ. ಕೆಟಲಿ ಕುದೀಲಿ, ರೇಡಿಯೊ ಸಣ್ಣಗೆ ಹಾಡ್ತಿರ್ಲಿ. ಉಪ್ಪು ಕಮ್ಮಿ ಮಾಡಿ, ಮದ್ಯ ಬಿಡಿ, ಮಧ್ಯಾಹ್ನದ ಮೇಲೆ ಕಡು ಚಹಾ ಬೇಡ. ದಿನಾ ನಡೀರಿ. ಒಂದೇ ಹೊತ್ತಿಗೆ ಮಲಗಿ. ಬೆಳಿಗ್ಗೆ ಎದ್ದು ಅದನ್ನ ಹುಡುಕ್ಬೇಡಿ. ಅದು ಇದ್ರೆ ಇರ್ಲಿ. ಮನೇಲಿ ಮಕ್ಕಳಿದಾರಾ? ಅವ್ರ ಗಲಾಟೆ ಮೊದಮೊದಲು ಚುಚ್ಚತ್ತೆ, ಆಮೇಲೆ ಒಗ್ಗತ್ತೆ. ಮಕ್ಕಳಿರೋ ಮನೇಲಿ ಈ ಕಾಯಿಲೆಗೆ ಜಾಗ ಕಮ್ಮಿ."

ಬಸ್‌ ನಿಲ್ದಾಣಕ್ಕೆ ಮೂವರೂ ನಡೆದು ಬಂದರು. ಅಲ್ಲಿ ಮಳೆ ಹನಿಯಿತು. ಒಮ್ಮೆಲೇ ತಾಜುಕೊ ನಿಂತ ನೆಲಕ್ಕೆ ಕುಸಿದು ಕೂತುಬಿಟ್ಟಳು.

"ಐದು ತಿಂಗಳು ಅತ್ತೆ! ಐದು ತಿಂಗಳು ನನ್ನ ಮಗೂನ ಬಿಟ್ಟಿದ್ದೆ... ನಿಮಗೆ ನೆಮ್ಮದಿಯಾಗ್ಲಿ ಅಂತ! ಅವಳು ನನ್ನ ತೋಳು ಹಿಡ್ಕೊಂಡು ಅಮ್ಮಾ ಅಮ್ಮಾ ಅಂದಾಗ ಒಂದೊಂದೇ ಬೆರಳು ಬಿಡ್ಸಿ ಬಂದಿದೀನಿ! ಎಲ್ಲಾ ದಂಡ... ದಂಡಕ್ಕಿಂತ ಕೆಟ್ಟದು! ನಾನೇ ನಿಮ್ಮ ನೋವು ಹೆಚ್ಚು ಮಾಡ್ದೆನಾ? ಒಂದ್ಸಲ, ಒಂದೇ ಒಂದ್ಸಲ 'ಬೇಡ ಕಣೆ, ಮಗು ಇರ್ಲಿ' ಅನ್ನೋಕೆ ನಿಮ್ಮ ಬಾಯಿಗೆ ಏನಾಗಿತ್ತು ಅತ್ತೆ?"

ಹದಿನಾಲ್ಕು ವರ್ಷದಲ್ಲಿ ಸೊಸೆ ಎದುರು ಮಾತಾಡಿದ್ದು ಅದೇ ಮೊದಲು. ಕೇಜಿ ಛತ್ರಿ ಬಿಚ್ಚಿದ. ಯಾರ ತಲೆಯ ಮೇಲೆ ಹಿಡಿಯಬೇಕೆಂದು ತಿಳಿಯದೆ ಇಬ್ಬರ ನಡುವೆ ಹಿಡಿದ, ಇಬ್ಬರೂ ನೆನೆದರು. ಕಿನು ಸೊಸೆಯ ಮುಂದೆ ಬಗ್ಗಿದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಆದರೆ ಇಲ್ಲಿ ಮಾಡಿದವಳು ತಾನು, ಉಂಡದ್ದು ಆ ಮಗು. ಅವಳು ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ನಾಳೇನೇ ಕರ್ಕೊಂಬರ್ತೀನಿ," ಎಂದು ತಾಜುಕೊ ಬಿಕ್ಕಿದಳು.

"ನಾಳೆ ಬೇಡ." ಕಿನು ಅವಳ ರಟ್ಟೆ ಬಿಡಲಿಲ್ಲ. "ಈಗ್ಲೇ ಬಂದ್ರೆ ಮತ್ತೆ ಕೂಗಾಡ್ಬಿಡ್ತೀನಿ ಕಣೆ. ನನ್ನ ನಂಬಬೇಡ. ಹೊಸ ವರ್ಷದ ರಜೆವರ್ಗೂ ಸಮಯ ಕೊಡು. ಅಷ್ಟರಲ್ಲಿ ಮನುಷ್ಯಳಾಗ್ತೀನಿ."

ಅರವತ್ಮೂರರ ಮುದುಕಿ ಹೊಸದಾಗಿ ಬದುಕಲು ಕಲಿತಳು. ಮದ್ಯದ ಬುಂಡೆಯನ್ನು ಕಾಲುವೆಗೆ ಬಗ್ಗಿಸಿದಳು. ಉಪ್ಪಿಲ್ಲದ ಮೂಲಂಗಿ ಗಂಟಲಲ್ಲಿ ಇಳಿಯದೆ, "ಇದನ್ನ ತಿನ್ನೋಕಿಂತ ಜೀರುಂಡೇನೇ ತಿನ್ಬೋದು," ಎಂದು ಗೊಣಗಿ, ಮತ್ತೆ ಬಾಯಿಗಿಟ್ಟುಕೊಂಡಳು. ಗಡಿಯಾರದ ಲೋಲಕವನ್ನು ತಾನೇ ತಳ್ಳಿ ಎಬ್ಬಿಸಿದಳು. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಹುಡುಕುವ ಚಟ ಎಲ್ಲಕ್ಕಿಂತ ಮೊಂಡು. ಅದಕ್ಕೆ ಎಚ್ಚರವಾದ ಕ್ಷಣವೇ ಹಾಸಿಗೆ ಮಡಚಿ, ಕೆಟಲಿ ಇಟ್ಟು, ಕಾಲುವೆಯ ದಂಡೆಯಲ್ಲಿ ದೇವಸ್ಥಾನದವರೆಗೆ ನಡೆದು ಬರುವಳು. ಮಲಗುವ ಮುನ್ನ ತಾಜುಕೊ ಬಿಸಿನೀರು ತಂದರೆ ಅದರಲ್ಲಿ ಕಾಲು ಇಳಿಬಿಟ್ಟುಕೊಂಡು ರೇಡಿಯೊದ ಹವಾಮಾನ ಕೇಳುವಳು. ಕೆಲವು ದಿನ ಸೋತಳು. ಒಂದು ದಿನವಂತೂ ರೇಡಿಯೊ ಎತ್ತಿ ಅಂಗಳಕ್ಕೆ ಎಸೆಯಲು ಹೊರಟು, ಬಾಗಿಲಲ್ಲೇ ಕೂತು ಅತ್ತಳು. ಜೀರುಂಡೆ ಹೋಗಲಿಲ್ಲ. ಆದರೆ ಡಿಸೆಂಬರ್ ಮುಗಿಯುವ ಹೊತ್ತಿಗೆ ಅದು ಪಕ್ಕದ ಮನೆಯ ಜಗಳದಷ್ಟು ದೂರಕ್ಕೆ ಸರಿದಿತ್ತು. ತಾಜುಕೊ ಬಸ್ಸು ಹತ್ತಿದಳು.

ಮಧ್ಯಾಹ್ನ ಬಾಗಿಲು ಸರಿದದ್ದು ಕಿನುಗೆ ತಿಳಿಯಲೇ ಇಲ್ಲ. ತಿರುಗಿ ನೋಡಿದರೆ ಮಿಹೊ ಆಗಲೇ ಒಳಗೆ ಬಂದು, ಬೂಟು ಜೋಡಿಸಿಟ್ಟು, ಮಂಡಿಯೂರಿ ಕೂತಿದ್ದಳು. ತುಸು ಉದ್ದವಾಗಿದ್ದಳು, ತುಸು ಬಡವಾಗಿದ್ದಳು.

"ಅಣ್ಣನ ಹೆಂಡ್ತಿ ಭಾರೀ ಹೊಗಳಿದ್ರು," ಎಂದಳು ತಾಜುಕೊ. ದನಿಯಲ್ಲಿ ಸಂತೋಷವಿರಲಿಲ್ಲ. "ಇದಾಳೆ ಅಂತಾನೇ ಗೊತ್ತಾಗಲ್ವಂತೆ."

ಕಿನು ಎರಡೂ ಕೈ ಚಾಚಿದಳು. "ಬಾರೇ ನನ್ನ ಬಂಗಾರಾ! ಏನಾದ್ರೂ ಮಾತಾಡೇ!"

ಮಿಹೊ ಬಾಯಿ ತೆರೆದಳು. ತುಟಿ ಅಲುಗಿತು, ದನಿ ಬರಲಿಲ್ಲ. ಮಗ್ಗದ ಎದುರಿಗೇ ನಿಂತರೆ ಕೂಗೂ ಕೇಳದು, ಅಲ್ಲಿ ನೇಕಾರ ಹೆಂಗಸರು ತುಟಿಯಾಡಿಸಿಯೇ ಮಾತಾಡುತ್ತಾರೆ, ತುಟಿ ನೋಡಿಯೇ ತಿಳಿಯುತ್ತಾರೆ. ಆ ಭಾಷೆ ಮಗುವಿಗೂ ಬರುತ್ತಿತ್ತು. ಕಿನು ಓದಿದಳು. ಅಜ್ಜೀ, ಬಂದೆ. ನಿಮ್ಮ ಕಿವಿ ಹೇಗಿದೆ?

"ಅಯ್ಯೋ ದೇವರೇ!" ಎಂದು ಕಿನು ಚೀರಿದಳು. "ದನಿ ತೆಗಿಯೇ! ಕೂಗೇ! ಈ ಮನೇಲಿ ಯಾರೂ ಬೈಯಲ್ಲ ಕಣೆ!"

ಮಿಹೊ ಅಮ್ಮನ ಮುಖ ನೋಡಿದಳು. ಅಮ್ಮ ಹೂಂ ಎಂದು ತಲೆಯಾಡಿಸಿದರೂ ಮಗು ಅಲುಗಲಿಲ್ಲ. ಆಗ ಕಿನು ದಡಬಡಿಸಿ ಎದ್ದು, ಅಡುಗೆಮನೆಯಿಂದ ಎರಡು ಪಾತ್ರೆ ಮುಚ್ಚಳ ತಂದು ಒಂದಕ್ಕೊಂದು ಬಡಿದಳು. ಬಡಿಯುತ್ತಾ ಪಡಸಾಲೆಯ ಹಲಗೆಯ ಮೇಲೆ ಧಡಧಡನೆ ಕಾಲು ಅಪ್ಪಳಿಸಿಕೊಂಡು ಓಡಿದಳು. ಒಂದೊಂದು ಏಟೂ ಅವಳ ನೆತ್ತಿಯೊಳಗೆ ಮೊಳೆಯಂತೆ ಇಳಿಯಿತು, ಜೀರುಂಡೆ ಮೈಯೆಲ್ಲ ಬಾಯಾಗಿ ಕೂಗಿತು, ಕಣ್ಣಲ್ಲಿ ನೀರು ಸುರಿಯಿತು. ಆದರೂ ಮುದುಕಿ ನಿಲ್ಲಲಿಲ್ಲ. "ನೋಡೇ! ನೋಡೇ ಮಿಹೊ! ಅಜ್ಜಿಗೆ ಏನೂ ಆಗಲ್ಲ! ನೀನೂ ಓಡೇ!"

ಪುಟ್ಟ ಕೈಗಳೆರಡು ಅವಳ ಸೊಂಟವನ್ನು ಬಿಗಿಯಾಗಿ ಹಿಡಿದವು.

"ಸಾಕಜ್ಜೀ... ನೋಯತ್ತೆ ನಿಮಗೆ." ಉಸಿರಿನಷ್ಟು ದನಿ. "ನಾನು ಚೆನ್ನಾಗಿ ಕಲ್ತಿದೀನಿ. ಇನ್ನು ಕಳಿಸಲ್ವಲ್ಲ?"

ಮುಚ್ಚಳಗಳು ಕೈಯಿಂದ ಜಾರಿದವು. ಹಿಂದೆ ಬಾಗಿಲ ಕಂಬಕ್ಕೆ ಹಣೆಯಿಟ್ಟು ತಾಜುಕೊ ಅಳುತ್ತಿದ್ದಳು. ಕಿನು ಅಲ್ಲೇ ಕುಕ್ಕರಿಸಿ, ಏಳು ವರ್ಷದ ಮಗುವಿನ ಮುಂದೆ ಎರಡೂ ಅಂಗೈ ಊರಿ, ಹಣೆಯನ್ನು ನೆಲಕ್ಕೆ ಹಚ್ಚಿದಳು. ಮಿಹೊ ಗಾಬರಿಯಾಗಿ ತಾನೂ ಹಾಗೆಯೇ ಬಾಗಿದಳು. ಇಬ್ಬರ ತಲೆಗಳು ತಾಗಿದವು.

"ಯಾವತ್ತೂ ಕಳಿಸಲ್ಲ," ಎಂದಳು ಕಿನು. "ಒಂದು ಮಾತು ಹೇಳು. ದನಿ ತೆಗೆದು ಹೇಳು."

"ಅಜ್ಜೀ..."

"ಇನ್ನೂ ಸ್ವಲ್ಪ ಜೋರಾಗಿ."

"ಅಜ್ಜೀ. ಇಷ್ಟು?"

"ಇನ್ನೂ ಸ್ವಲ್ಪ ಕಣೆ, ಕಂದಾ..."

"ಅಜ್ಜೀ. ಇಷ್ಟು ಸಾಕಾ?"

ಮಲಗಿದ ಕೂಸು ಎಚ್ಚರಾಗದಷ್ಟಕ್ಕೆ ಆ ದನಿ ನಿಂತಿತು, ಅದರಿಂದಾಚೆಗೆ ಏರಲಿಲ್ಲ. ಕಿನು ಕಾದಳು. ಮಗು ಹೆದರಿದ ಕಣ್ಣಿನಿಂದ ಅವಳ ಕಿವಿಗಳನ್ನೇ ನೋಡುತ್ತಿತ್ತು. ಮುದುಕಿ ಕಣ್ಣೊರೆಸಿಕೊಂಡು ಮೊಮ್ಮಗಳನ್ನು ಎದೆಗೆಳೆದುಕೊಂಡಳು.

"ಸಾಕು ಕಂದಾ," ಎಂದಳು. "ಇವತ್ತಿಗೆ ಇಷ್ಟು ಸಾಕು."