ಮೇಣ ಬಿಟ್ಟ ಮಾತು

ಅತ್ತೆಗೊಂದು ಕಾಲ, ಸೊಸೆಗೊಂದು ಕಾರು ಅಂತ ಗಾದೆ. ಹಾಗಲ್ಲ ಅನ್ನುವವರು ಹಿರಿಯರನ್ನು ಕೇಳಿಕೊಳ್ಳಲಿ; ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಇದರಲ್ಲಿ ಅತ್ತೆ ಇದ್ದಾರೆ, ಸೊಸೆ ಇದ್ದಾಳೆ, ಕಾರೂ ಇದೆ. ಕಾರು ಮಾತ್ರ ಇಬ್ಬರದೂ ಅಲ್ಲ, ಪಕ್ಕದ ಮನೆಯ ಮೇಣದ ಮಾವನದು.

ಕಳೆದ ಉಂಗುರದಿಂದ ಹಿಡಿದು ಹೇಳದೆ ಕೇಳದೆ ಓಡಿಹೋದ ಬಾಡಿಗೆದಾರನವರೆಗೆ ಬೀದಿಯದ್ದೆಲ್ಲ ಪತ್ತೆ ಮಾಡುತ್ತಿದ್ದುದರಿಂದ ಅತ್ತೆಗೆ ಪತ್ತೆ ಅತ್ತೆ ಅಂತಲೇ ಹೆಸರು. ಅತ್ತೆಯ ಕನ್ನಡಕ ಪತ್ತೆ ಮಾಡುವುದು ಸೊಸೆಯ ಕೆಲಸ.

ಆ ಬೆಳಿಗ್ಗೆ ಮೇಣದ ಮಾವ ಬಾಗಿಲಿಗೆ ಬಂದಾಗ ಅವರ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವರು ಅತ್ತಿರಲಿಲ್ಲ, ನಕ್ಕಿರಲಿಲ್ಲ. ಊಟಕ್ಕೆ ಕರೆದರೆ ಉಣ್ಣುತ್ತಿದ್ದರು. ಉಪ್ಪಿಲ್ಲದಿದ್ದರೂ ಅವರಿಗೆ ಗೊತ್ತಾಗುವುದಿಲ್ಲ ಅಂತ ಸೊಸೆ ಒಮ್ಮೆ ಉಪ್ಪು ಮರೆತಾಗ ಕಂಡುಕೊಂಡಿದ್ದಳು.

"ಅಕ್ಕಾ, ಭಾಮೈದನನ್ನ ಇವತ್ತು ಮನೆಯಿಂದ ಹೊರಗೆ ಹಾಕ್ತಿದ್ದೀನಿ," ಅಂದರು, ಹಾಲು ಮುಗಿದಿದೆ ಅನ್ನುವ ದನಿಯಲ್ಲಿ. "ಅದಕ್ಕೆ ಮುಂಚೆ ನೀವೊಮ್ಮೆ ಬಂದು ನೋಡಿ. ನನ್ನದೇ ತಪ್ಪಿದ್ರೆ ಹೇಳಿ."

ಗ್ಯಾರೇಜಿನಲ್ಲಿ ಕರಿ ಕಾರು ನೀರು ಸುರಿಸಿಕೊಂಡು ನಿಂತಿತ್ತು. ಹಿಂದೆಲ್ಲ ಮಾವ ಅದಕ್ಕೆ ಮೇಣ ಹಚ್ಚಿ, ಒಣಗಿ ಮಬ್ಬಾಗುವ ತನಕ ಕಾದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ ಹಚ್ಚುತ್ತಿದ್ದರು. ಹೆಂಡತಿ ಪಾತ್ರೆ ತೊಳೆಯುತ್ತಿದ್ದವರು ಸೋಪಿನ ಕೈಯಲ್ಲೇ ಬಂದು ನಿಂತು ಕಾಲೆಳೆಯುತ್ತಿದ್ದರು. ಆಕೆ ಹೋದ ಮೇಲೆ ಕಾರಿನ ಹೊದಿಕೆ ತೆಗೆದು ತೊಳೆದದ್ದು ಇದೇ ಮೊದಲು.

ಕಾರಿನ ಮೈತುಂಬ ನೀರು ಗುಂಡುಗುಂಡಗೆ ಹನಿಗಟ್ಟಿತ್ತು. ಬಾನೆಟ್ಟಿನ ಮೇಲೆ ಮಾತ್ರ ಒಂದಷ್ಟು ಗೆರೆಗಳಲ್ಲಿ ಹನಿ ನಿಲ್ಲದೆ ಚಪ್ಪಟೆಯಾಗಿ ಹರಡಿತ್ತು. ಗೆರೆಗಳು ಸೇರಿ ಅಕ್ಷರಗಳಾಗಿದ್ದವು.

ಬಿಟ್ಟಿರಿ.

ಕಾರು ಅಷ್ಟನ್ನೇ ಕಾರಿಕೊಂಡಿತ್ತು.

"ಆಸ್ಪತ್ರೆಯಲ್ಲಿ ಅವಳ ಉಸಿರು ನಿಂತಾಗ ನಾನು ಹತ್ತಿರ ಇರಲಿಲ್ಲ," ಅಂದರು ಮಾವ. "ಒಬ್ಬಳನ್ನೇ ಬಿಟ್ಟಿರಿ ಅಂತ ಇವನ ದೂರು. ನಿಜವೇ. ಆದ್ರೆ ಹೀಗೆ ಬರೆದು ಹೇಳ್ಬೇಕಾ?"

ಗೋಡೆಗೊರಗಿ ಭಾಮೈದ ನಿಂತಿದ್ದ, ಕಾಲ ಬಳಿ ಬ್ಯಾಗು. ಅಕ್ಕ ಹೋದ ಸುದ್ದಿ ಕೇಳಿ ಪರವೂರಿಂದ ಬಂದವನು, ಭಾವನ ಮುಖ ನೋಡಿ ವಾಪಸ್ ಹೋಗಲಾರದೆ ಉಳಿದಿದ್ದ. ಇಡೀ ಬೀದಿಯ ದನಿ ಅವನ ಗಂಟಲಲ್ಲಿತ್ತು. ಪತ್ತೆ ಅತ್ತೆಯ ಕೆಮ್ಮನ್ನು ಅತ್ತೆಗಿಂತ ಚೆನ್ನಾಗಿ ಕೆಮ್ಮುತ್ತಿದ್ದ.

"ಭಾವ, ನಾನು ಕದಿಯೋದು ದನಿ ಮಾತ್ರ. ಅಕ್ಕನ ವಿಷಯದಲ್ಲಿ ಆಟ ಆಡ್ತೀನಾ?"

"ಗ್ಯಾರೇಜಿನ ಇನ್ನೊಂದು ಬೀಗದ ಕೈ ನಿನ್ನ ಹತ್ರ ತಾನೇ ಇರೋದು."

ಅತ್ತೆ ಬಾನೆಟ್ಟಿನ ಮೇಲೆ ಬಗ್ಗಿದರು. ಸೊಸೆ ಕನ್ನಡಕ ಕೊಟ್ಟಳು. "ಈ ಬಿಳೀ ಕಲೆ ಏನಪ್ಪಾ?"

"ಸುಣ್ಣ. ಅವಳು ಆಸ್ಪತ್ರೆಯಲ್ಲಿದ್ದಾಗ ಮನೆಗೆಲ್ಲ ಹೊಡೆಸಿದೆ, ಬಂದವಳು ನೋಡ್ಲಿ ಅಂತ. ಹೊದಿಕೆ ಅಲ್ಲಿ ಹರಿದಿದೆ, ಒಳಗೆ ಸಿಡಿದಿದೆ."

"ಒರೆಸು," ಅಂದರು ಅತ್ತೆ.

ಸೊಸೆ ಒದ್ದೆ ಬಟ್ಟೆ ಆಡಿಸಿದಳು. ಸುಣ್ಣದ ಕಲೆ 'ಟ್ಟಿ'ಗೆ ಅಡ್ಡಲಾಗಿ ಬಿದ್ದಿತ್ತು. ಎರಡು ತುದಿಯೂ ಮುಟ್ಟಿದ ಕೂಡಲೇ ಜಾರಿದವು. ಅಕ್ಷರದ ಗೆರೆಯೊಳಗೆ ಬಿದ್ದ ನಡುವಿನ ಚೂರು ಮಾತ್ರ ಉಜ್ಜಿದರೂ ಬಿಡಲಿಲ್ಲ.

"ಕೊನೇ ಪದರ ಯಾವಾಗ ಹಚ್ಚಿದ್ದೆ?"

"ಅವಳನ್ನ ಆಂಬುಲೆನ್ಸಿನಲ್ಲಿ ಕರ್ಕೊಂಡು ಹೋದ ಹಿಂದಿನ ದಿನ. ಒರೆಸಿ ಮುಗಿಸಿ ಸ್ನಾನಕ್ಕೆ ಹೋದೆ. ಬಂದು ಹೊದಿಕೆ ಹಾಕಿದೆ. ಆಗ ಏನೂ ಇರಲಿಲ್ಲ."

"ಒಣಗಿದ ಕಾರಿನಲ್ಲಿ ಏನು ಕಾಣುತ್ತೆ? ಇದು ನೀರು ಬಿದ್ರೆ ಮಾತ್ರ ಓದೋಕೆ ಬರೋ ಬರಹ." ಅತ್ತೆ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತರು. "ಎಲ್ರೂ ಕೂತ್ಕೊಳ್ಳಿ. ನೀನೂ ಬ್ಯಾಗು ಬಿಟ್ಟು ಬಾರೋ."

ಎಲ್ಲರೂ ಕೂತರು.

"ಮೇಣ ಇದ್ದ ಕಡೆ ನೀರು ಹನಿಯಾಗಿ ನಿಲ್ಲುತ್ತೆ, ಸುಣ್ಣ ಕಚ್ಚೋದಿಲ್ಲ, ಜಾರುತ್ತೆ. ಗೆರೆಯೊಳಗೆ ಕಚ್ಚಿದೆ. ಅಂದ್ರೆ ಸುಣ್ಣ ಸಿಡಿಯೋ ಹೊತ್ತಿಗೇ ಅಲ್ಲಿ ಮೇಣ ಇರಲಿಲ್ಲ, ಅಕ್ಷರ ಆಗಲೇ ಇತ್ತು. ಸುಣ್ಣ ಹೊಡೆಸಿದಾಗ ನಿನ್ನ ಭಾಮೈದ ಈ ಊರಲ್ಲೇ ಇರಲಿಲ್ಲ."

ಭಾಮೈದ ಉಸಿರು ಬಿಟ್ಟ. ಮಾವ ತಲೆಯೆತ್ತಲಿಲ್ಲ. "ಹಾಗಾದ್ರೆ ಯಾರು?"

"ಕೊನೇ ಪದರ ಆದ ಮೇಲೆ, ಸುಣ್ಣಕ್ಕೆ ಮುಂಚೆ. ನೀನು ಸ್ನಾನಕ್ಕೆ ಹೋದಾಗ ಕಾರಿಗೆ ಹೊದಿಕೆ ಇರಲಿಲ್ಲ. ಪಾತ್ರೆ ಸೋಪಿಗೆ ಮೇಣವೂ ಜಿಡ್ಡೇ, ಬೆರಳಲ್ಲಿ ಉಜ್ಜಿ ಒರೆಸಿದ್ರೆ ಕಿತ್ತು ಬರುತ್ತೆ. ಮನೇಲಿ ಸೋಪಿನ ಕೈ ಯಾರದಿತ್ತು?"

ಮಾವ ಬಾನೆಟ್ಟಿನ ಕಡೆ ತಿರುಗಿದರು.

"ಅವಳಿಗೆ ಮಾರನೇ ದಿನದ ಆಂಬುಲೆನ್ಸ್ ಗೊತ್ತಿರಲಿಲ್ಲಪ್ಪಾ. ನಿನ್ನನ್ನ ದೂರಿ ಬರೆದದ್ದಲ್ಲ ಇದು. ನೀನು ಮೇಣ ಹಚ್ಚುವಾಗ ಬಾಗಿಲಲ್ಲಿ ನಿಂತು ಏನಂತಿದ್ಳು?"

ಬಾನೆಟ್ಟಿನಿಂದ ಒಂದು ಹನಿ ಜಾರಿ ನೆಲಕ್ಕೆ ಬಿತ್ತು.

"ಇಲ್ಲಿ ಬಿಟ್ಟಿರಿ, ಅಲ್ಲಿ ಬಿಟ್ಟಿರಿ ಅಂತಿದ್ಳು," ಅಂದರು ಮಾವ, ನಿಧಾನವಾಗಿ. "ನಾನು ಹೋಗಿ ಹುಡುಕೋದು. ಒಂದು ಕಡೆನೂ ಬಿಟ್ಟಿರ್ತಿರಲಿಲ್ಲ. ಅವಳು ಸುಮ್ನೆ..."

"ಈ ಸಲ ನಿಜವಾಗ್ಲೂ ಮೇಣ ಬಿಡಿಸಿಟ್ಟಿದ್ದಾಳೆ," ಅಂದರು ಅತ್ತೆ.

ಮಾವ ಎದ್ದು ಹೋಗಿ ಗೆರೆಗಳ ಮೇಲೆ ಬೆರಳಿಟ್ಟರು. ಮೇಣ ಇಲ್ಲದ ಕಡೆ ಬೆರಳು ತಡವರಿಸುತ್ತಿತ್ತು. ಮುಖ ಹಾಗೇ ಇತ್ತು, ಒರೆಸದೆ ಬಿಟ್ಟ ಮೇಣದ ಹಾಗೆ ಮಬ್ಬು. ಅತ್ತೆಯ ಪತ್ತೆಯೂ ಇಲ್ಲಿಗೆ ಮುಗಿಯಿತು ಅಂದುಕೊಂಡಳು ಸೊಸೆ.

ಆಗ ಗ್ಯಾರೇಜಿನ ಬಾಗಿಲಿಂದ, ಕೈಯ ಸೋಪು ಕೊಡವಿಕೊಳ್ಳುತ್ತಿರುವ ಹೆಂಗಸಿನ ದನಿ ಕೇಳಿತು: "ರೀ! ಕನ್ನಡಿ ಹಿಂದೆನೂ ಬಿಟ್ಟಿರಿ ನೋಡಿ!"

ಸೊಸೆ ತಿರುಗಿ ನೋಡಿದಳು. ಬಾಗಿಲಿಗೆ ಹೋಗಿ ನಿಂತಿದ್ದ ಭಾಮೈದ, ಅಕ್ಕನ ದನಿ ತೆಗೆದವನು, ತಾನೇ ಬಾಯಿ ಮುಚ್ಚಿಕೊಂಡ.

ಮಾವ ಮಾತ್ರ, ಅಭ್ಯಾಸ ನೋಡಿ, ಬಟ್ಟೆ ಹಿಡಿದು ಬಗ್ಗಿ ಕನ್ನಡಿಯ ಹಿಂದೆ ಇಣುಕಿಯೇಬಿಟ್ಟರು. ಇಣುಕಿದವರು ಹಾಗೇ ನಿಂತರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂತ ಸೊಸೆ ಓಡಿದಳು.

ಅತ್ತೆ ನಕ್ಕರು, ಭಾಮೈದ ಕಣ್ಣೊರೆಸಿಕೊಂಡು ನಕ್ಕ, ಸೊಸೆಯೂ ನಕ್ಕಳು. ಆದರೆ ಬೀದಿಯ ಕೊನೇ ಮನೆಯವರು ಕಿಟಕಿ ತೆರೆದು ನೋಡಿದ್ದು ಮೇಣದ ಮಾವನ ನಗು ಕೇಳಿ.